ಸಾವಿರದ ಒಂಬತ್ತು ತೆಂಗು
ಅಗರದ ಯಜಮಾನ ದೊಡ್ಡಮಾದಪ್ಪನವರಿಗೆ ಯಾವ ಸಂಖ್ಯೆ ಕಂಡರೂ ಅದು ಸಮನಾಗಿ ಒಡೆಯುತ್ತದೆಯೇ ಎಂದು ನೋಡುವ ಚಟ. ಬಸ್ಸಿನ ನಂಬರು ಮೂರರಿಂದಲೋ ಏಳರಿಂದಲೋ ಶೇಷವಿಲ್ಲದೆ ಭಾಗವಾದರೆ, "ಥೂ, ಒಡಕಲು ನಂಬ್ರು" ಎಂದು ಹತ್ತದೆ, ಯಳಂದೂರಿಗೆ ನಡೆದೇ ಹೋಗುವರು. ಯಾವುದರಿಂದಲೂ ಒಡೆಯದ ಸಂಖ್ಯೆಗೆ ಮಾತ್ರ ಕೈಮುಗಿಯುವರು. ಅವರ ತೋಟದಲ್ಲಿ ಅಂಥದೇ ಲೆಕ್ಕ, ಸಾವಿರದ ಒಂಬತ್ತು ತೆಂಗು. ಪಾಲು ಕೇಳುವ ಮೂವರು ತಮ್ಮಂದಿರಿಗೆ ಒಂದೇ ಉತ್ತರ: "ಒಂದು ಮರಾನೂ ಮಿಗದಂಗೆ ಸಮವಾಗಿ ಅಂಚಿ ತೋರ್ಸ್ರಲಾ, ಆಮ್ಯಾಕೆ ಪಾಲು!" ಈ ಸಲ ಸಿಡಿಲಿಗೆ ಒಂದು ಮರ ಸುಟ್ಟುಹೋಯಿತು. ಉಳಿದ ಸಾವಿರದ ಎಂಟು, ನಾಲ್ಕು ಪಾಲಿಗೆ ಸಲೀಸಾಗಿ ಒಡೆಯುವ ಸಂಖ್ಯೆ. ತಮ್ಮಂದಿರು ಹಿಗ್ಗಿ ಪಂಚರನ್ನು ಕರೆತಂದರೆ, ಅಣ್ಣ ಸುಟ್ಟ ಬುಡದ ಪಕ್ಕ ಗುಂಡಿ ತೋಡುತ್ತಿದ್ದರು. ಗಂಡ ಸತ್ತು ತವರಿಗೆ ಬಂದ, ಮನೆ ಒಡೆದರೆ ಯಾವ ಪಾಲೂ ಸಿಗದ ತಂಗಿ ಚನ್ನಾಜಮ್ಮನ ಕೈಗೆ ತೆಂಗಿನ ಸಸಿ ಕೊಟ್ಟು, "ನೆಡವ್ವಾ" ಎಂದರು. ಆಮೇಲೆ ತಮ್ಮಂದಿರತ್ತ ತಿರುಗಿ, "ಈಗ ಎಣಿಸ್ರಲಾ!"