ಸುಳ್ಳು ಚಿತ್ರಗಳ ಮುಂದೆ ಹನ್ನೊಂದು ವರ್ಷ

ಹನ್ನೊಂದು ವರ್ಷದಿಂದ ಆಕೆ ವಿಮಾನ ನಿಲ್ದಾಣದ ಎಕ್ಸ್‌ರೇ ಪರದೆಯ ಮುಂದೆ ಕುಳಿತು ಪ್ರಯಾಣಿಕರ ಬ್ಯಾಗುಗಳೊಳಗೆ ಇಣುಕುತ್ತಿದ್ದರು. ಒಮ್ಮೆಗೆ ಇಪ್ಪತ್ತೇ ನಿಮಿಷ. ಕಣ್ಣು ಸೋಲುವ ಮೊದಲೇ ಆ ಕುರ್ಚಿಗೆ ಬೇರೆಯವರು ಬರುತ್ತಾರೆ. ಜೊತೆ ಕೆಲಸದವರು ಆಕೆಯನ್ನು ಕರೆಯುತ್ತಿದ್ದದ್ದು ಹದ್ದಕ್ಕ ಎಂದು. ಗಂಡ ಮಾತ್ರ, "ಊರವರ ಬ್ಯಾಗೆಲ್ಲ ಕಾಣತ್ತೆ, ಹಣೆ ಮೇಲಿರೋ ಕನ್ನಡಕ ಕಾಣಲ್ಲ ಇವಳಿಗೆ" ಎಂದು ಕಾಲೆಳೆಯುತ್ತಿದ್ದರು.

ನೋಡುವವರು ಮೈಮರೆಯಬಾರದೆಂದು ಯಂತ್ರವೇ ಆಗಾಗ ಯಾರದೋ ಬ್ಯಾಗಿನ ಚಿತ್ರದೊಳಗೆ ಸುಳ್ಳು ಚಾಕುವನ್ನೋ ಪಿಸ್ತೂಲನ್ನೋ ಸೇರಿಸುತ್ತದೆ. ಗುಂಡಿ ಒತ್ತಿದರೆ 'ಇದು ಪರೀಕ್ಷೆ' ಎಂಬ ಸಾಲು ಮೂಡುತ್ತದೆ, ಬ್ಯಾಗನ್ನು ಮುಂದೆ ಬಿಡಬಹುದು; ಮೂಡದಿದ್ದರೆ ವಸ್ತು ನಿಜ, ಬ್ಯಾಗನ್ನು ತಡೆಯಬೇಕು. ಅಷ್ಟು ವರ್ಷಗಳಲ್ಲಿ ಆಕೆ ಕಂಡ ಪಿಸ್ತೂಲುಗಳೆಲ್ಲ ಸುಳ್ಳೇ. ಹೀಗಾಗಿ ಕೈಗೊಂದು ಚಾಳಿ ಬಿದ್ದಿತ್ತು: ಬಲಗೈ ಗುಂಡಿ ಒತ್ತುವಷ್ಟರಲ್ಲಿ, ಸಾಲಿಗೂ ಕಾಯದೆ, ಎಡಗೈ ಬೆಲ್ಟನ್ನು ಓಡಿಸಿಬಿಡುತ್ತಿತ್ತು.

ಅಂದು ಬೆಳಿಗ್ಗೆ ಹತ್ತೂವರೆಗೆ ಪರದೆಯಲ್ಲಿ ಎರಡು ಜೊತೆ ಬೂಟು, ಒಂದು ಇಸ್ತ್ರಿ ಪೆಟ್ಟಿಗೆ, ನಡುವೆ ಪಿಸ್ತೂಲು ಕಂಡವು. ಗುಂಡಿ ಒತ್ತಿದರು, ಬೆಲ್ಟನ್ನೂ ಓಡಿಸಿಬಿಟ್ಟರು. ಸಾಲು ಮೂಡಲಿಲ್ಲ. ಎದ್ದು ನೋಡುವಷ್ಟರಲ್ಲಿ ಬೆಲ್ಟಿನ ಆಚೆ ಜನ ಮುಗಿಬಿದ್ದು ತಮ್ಮ ತಮ್ಮ ಸಾಮಾನು ಎತ್ತಿಕೊಂಡು ಹೋಗುತ್ತಿದ್ದರು.

ಆಕೆ ಕೂಗಿದ್ದು ಕೇಳಿ ಮೇಲ್ವಿಚಾರಕರು ಓಡಿಬಂದರು. "ಬ್ಯಾಗಿನ ಬಣ್ಣ ಯಾವುದಮ್ಮ?"

"ಗೊತ್ತಿಲ್ಲ ಸರ್. ನಾನು ನೋಡೋದು ಒಳಗಿರೋದನ್ನ."

"ಕ್ಯಾಮೆರಾ ದೃಶ್ಯದಲ್ಲಿ ಹುಡುಕಿಸೋಕೆ ಹೊತ್ತು ಹಿಡಿಯತ್ತೆ. ಇನ್ನರ್ಧ ಗಂಟೇಲಿ ಮೂರು ವಿಮಾನ ಹೊರಡ್ಬೇಕು." ದನಿ ತಗ್ಗಿಸಿದರು. "ಯಂತ್ರದ್ದೇ ಚಿತ್ರ ಇರಬೇಕು, ಸಾಲು ಮೂಡದೆ ಕೈಕೊಟ್ಟಿದೆ ಅಂತ ಬರೆದುಬಿಡಿ. ನಿಮ್ಮ ಕೆಲಸಾನೂ ಉಳಿಯತ್ತೆ."

ಆಕೆ ದಾಖಲೆ ಪುಸ್ತಕ ತೆಗೆದುಕೊಂಡು, 'ನಿಜವಾದ ಪಿಸ್ತೂಲು. ನನ್ನ ಕೈಯಿಂದಲೇ ಹೋಯಿತು' ಎಂದು ಬರೆದು ಸಹಿ ಹಾಕಿದರು. "ಯಾರನ್ನೂ ಹತ್ತಿಸಬೇಡಿ ಸರ್."

ಬಾಗಿಲುಗಳು ಮುಚ್ಚಿದವು. ಒಳಗಿದ್ದ ನಾನೂರು ಜನರನ್ನೂ ಮತ್ತೆ ಸಾಲಿನಲ್ಲಿ ನಿಲ್ಲಿಸಿದರು. ಪರದೆಯ ಮುಂದೆ ಈಗ ಬೇರೊಬ್ಬರು. ಆಕೆ ಕುರ್ಚಿಯ ಹಿಂದೆ ನಿಂತರು. ಜನ ಗೊಣಗಿದರು, ಬೈದರು. ಮುಕ್ಕಾಲು ಗಂಟೆ ಕಳೆದ ಮೇಲೆ ಆಕೆ, "ನಿಲ್ಲಿಸು" ಎಂದರು.

ಎರಡು ಜೊತೆ ಬೂಟು, ಇಸ್ತ್ರಿ ಪೆಟ್ಟಿಗೆ. ನಡುವಿನ ಜಾಗ ಖಾಲಿ.

ಮೇಲ್ವಿಚಾರಕರು ಉಸಿರು ಬಿಟ್ಟರು. "ನೋಡಿ, ಏನಿದೆ ಇದರಲ್ಲಿ? ಸುಮ್ಮನೆ ಎಲ್ಲರ ಜೀವ ತಿಂದ್ರಿ."

"ಬ್ಯಾಗಲ್ಲಿಲ್ಲ ಅಂದ್ರೆ ಇಲ್ಲೇ ಯಾರದೋ ಕೈಲಿದೆ ಸರ್."

ಸಾಲಿನ ಗೊಣಗಾಟ ನಿಂತಿತು. ಬೆಲ್ಟನ್ನು ಮತ್ತೆ ಓಡಿಸಿದಾಗ ಬ್ಯಾಗು ತುದಿಗೆ ಬಂದು ನಿಂತಿತು. ಎತ್ತಿಕೊಳ್ಳಲು ಯಾರೂ ಕೈ ಚಾಚಲಿಲ್ಲ.