ಹಾಲೇಶ ಬರೆದಿದ್ದ ಮೂರು ಸಾಲು

ಹಾಲೇಶ ಆ ಎಚ್ಚರಿಕೆಯನ್ನು ಬರೆದಿದ್ದ. ಅಳಿಸಿದವಳು ನಾನು. ಅಷ್ಟೇ ಆಗಿದ್ದರೆ ಒಂದು ತಪ್ಪು ಎಂದು ಹೇಳಿ ಮುಗಿಸಬಹುದಿತ್ತೇನೋ — ಆದರೆ ಎಲ್ಲರ ಎದುರು, ನಾನೇ ಸಾಕ್ಷಿ ಎಂದು ನಂಬಿ ಅವನು ನನ್ನ ಕಡೆ ತಿರುಗಿದಾಗ, ನಾನು "ನನಗೆ ನೆನಪಿಲ್ಲ" ಎಂದೆ. ನೆನಪಿತ್ತು. ಯಾವ ವಾರ, ಯಾವ ಹೊತ್ತು, ಎದುರಿಗಿದ್ದ ಲೋಟದಲ್ಲಿ ಚಹಾ ಎಷ್ಟು ಉಳಿದಿತ್ತು — ಎಲ್ಲ ನೆನಪಿತ್ತು.

ಇದು ತೊಂಬತ್ತರ ದಶಕದ ಕೊನೆಯ ಮಾತು. ದಾವಣಗೆರೆಯ ಸರಸ್ವತಿ ನಗರದಲ್ಲಿ, ಒಂದು ಮನೆಯ ಮಹಡಿಯ ಮೇಲೆ ನಮ್ಮ ಕಂಪ್ಯೂಟರ್ ಆಫೀಸು ಇತ್ತು. ಇದ್ದವರು ಐದೇ ಜನ. ಮಾಲೀಕರು ಸಿದ್ಧಣ್ಣ, ಅವರ ಮನೆತನದ್ದು ಮಲೆಬೆನ್ನೂರಿನಲ್ಲಿ ಅಕ್ಕಿ ಗಿರಣಿ. ಗಿರಣಿ ಬಿಟ್ಟು ಕಂಪ್ಯೂಟರ್ ಹಿಡಿದರೂ ಅವರ ಬಾಯಲ್ಲಿ ಭತ್ತದ ಮಾತು ಹೋಗಿರಲಿಲ್ಲ. ಶಾಲೆ, ನರ್ಸಿಂಗ್ ಹೋಮ್, ಗೋದಾಮು — ಯಾರಿಗೆ ಪ್ರೋಗ್ರಾಂ ಮಾಡಿಕೊಟ್ಟರೂ ಒಳಗಿನ ಕೆಲಸ ಒಂದೇ: ಮಾಹಿತಿ ತುಂಬುವುದು, ಹುಡುಕುವುದು, ಬೇಡದ್ದನ್ನು ತೆಗೆಯುವುದು. ಆ ಕೆಲಸಗಳಿಗೆ ಬೇಕಾದ ಕೋಡನ್ನು ಒಮ್ಮೆ ಬರೆದು ಒಂದೇ ಕಡೆ ಇಟ್ಟಿದ್ದೆವು. ಬೇರೆ ಕಡೆ ಅದನ್ನು ಲೈಬ್ರರಿ ಎನ್ನುತ್ತಾರೆ. ಸಿದ್ಧಣ್ಣ ಅದಕ್ಕೆ 'ಕಣಜ' ಎಂದು ಹೆಸರಿಟ್ಟಿದ್ದರು. ಅದರೊಳಗಿನ ಫಂಕ್ಷನ್‌ಗಳಿಗೂ, ಅಂದರೆ ಒಂದೊಂದು ಕೆಲಸಕ್ಕೆಂದು ಬರೆದ ಕೋಡಿನ ತುಂಡುಗಳಿಗೂ, ಅಂಥವೇ ಹೆಸರು — ತುಂಬು, ಹುಡುಕು, ಅಳೆ, ತೂರು.

ನಾನು ಕೋಡ್ ಬರೆಯುವವಳಲ್ಲ. ಹನ್ನೊಂದು ವರ್ಷ ಟೈಪಿಂಗ್ ಕಲಿಸಿದವಳು. ಕಂಪ್ಯೂಟರ್ ಬಂದು ಟೈಪಿಂಗ್ ಕಲಿಯುವವರು ಕಡಿಮೆಯಾದಾಗ, ಒಂದು ಕಾಲಕ್ಕೆ ನನ್ನ ಹತ್ತಿರವೇ ಟೈಪಿಂಗ್ ಕಲಿತಿದ್ದ ಸಿದ್ಧಣ್ಣ ಮನೆಗೆ ಬಂದು ಕರೆದರು. "ಗಿರಿಜಕ್ಕ, ನೀವು ಕೋಡ್ ತಂಟೆಗೆ ಹೋಗಬ್ಯಾಡ್ರಿ. ಒಂದೊಂದು ಫಂಕ್ಷನ್ ತಲೆ ಮ್ಯಾಲೆ ಟಿಪ್ಪಣಿ ಬರೀತಾವಲ್ಲ ಈ ಹುಡುಗ್ರು — ಒಬ್ಬ ಉದ್ದ, ಒಬ್ಬ ಗಿಡ್ಡ, ಒಬ್ಬ ಬರಿಯೋದೇ ಇಲ್ಲ. ಅದನ್ನ ಒಂದೇ ನಮೂನಿ ಮಾಡಿಕೊಡ್ರಿ ಸಾಕು."

ಮಾಡಿಕೊಟ್ಟೆ. ಪ್ರತಿ ಫಂಕ್ಷನ್ ಮೇಲೆ ನಾಲ್ಕೇ ಸಾಲು: ಹೆಸರು, ಮಾಡುವ ಕೆಲಸ, ಕೊಡಬೇಕಾದ್ದು, ಸಿಗುವುದು. ಎಲ್ಲ ಸಾಲಿನ ಚುಕ್ಕೆಗಳೂ ಒಂದರ ಕೆಳಗೊಂದು. ಮನೆಯಲ್ಲಿ ಬೇಳೆ ಡಬ್ಬಿಗಳ ಬಾಯಿ ಒಂದೇ ಕಡೆ ಇರಬೇಕು ಎನ್ನುವವಳು ನಾನು. ಈ ಕೆಲಸ ಕೈಗೆ ಒಗ್ಗಿತು. ಸೋಮವಾರ ಬೆಳಿಗ್ಗೆ ನನ್ನ ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನೇ ಎಲ್ಲರೂ ತಮ್ಮ ಹಳೆಯದರ ಮೇಲೆ ಇಳಿಸಿಕೊಳ್ಳಬೇಕು — ಅದು ನಿಯಮ. ವರ್ಷಕ್ಕೊಮ್ಮೆ ಆಯುಧ ಪೂಜೆಗೆ, ಅಷ್ಟೂ ಟಿಪ್ಪಣಿಗಳನ್ನು ಅಚ್ಚು ಹಾಕಿ ಹೊಲಿದು ಪುಸ್ತಕ ಮಾಡುತ್ತಿದ್ದೆವು. ಕಂಪ್ಯೂಟರುಗಳ ಪಕ್ಕ ಆ ಪುಸ್ತಕಕ್ಕೂ ವಿಭೂತಿ, ಹೂವು. ಹೊರಗೆ ಕೆಲಸಕ್ಕೆ ಹೋದವರಿಗೆ ಅದೇ ದಾರಿದೀಪ. ಕೂತಲ್ಲಿಂದಲೇ ಫೋನ್ ಮಾಡಿ ಕೇಳಲು ಎಲ್ಲರ ಕೈಯಲ್ಲೂ ಮೊಬೈಲ್ ಇದ್ದ ಕಾಲವಲ್ಲ ಅದು.

ಹಾಲೇಶ ಗುತ್ತೂರಿನವನು, ನನಗಿಂತ ಆರು ವರ್ಷ ಚಿಕ್ಕವನು. ಅಲ್ಲಿಯ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಿಂತು ದುಡಿಯುತ್ತಲೇ ಕಂಪ್ಯೂಟರ್ ಕಲಿತು ಬಂದಿದ್ದ. ನಮ್ಮಲ್ಲಿ ಅವನಷ್ಟು ತಿಳಿದವರು ಇರಲಿಲ್ಲ. ಅವನಷ್ಟು ಅಂಕುಡೊಂಕಾಗಿ ಟಿಪ್ಪಣಿ ಬರೆಯುವವರೂ ಇರಲಿಲ್ಲ. ನನ್ನ ಡಬ್ಬಿಯ ಶೇಂಗಾ ಚಟ್ನಿ ತಿನ್ನುತ್ತಲೇ ನನ್ನನ್ನು ಕಾಡಿಸುತ್ತಿದ್ದ.

ಆ ವರ್ಷ 'ತೂರು' ಬರೆದವನು ಅವನೇ. ನಮ್ಮ ಫೈಲಿನಲ್ಲಿ ಅಳಿಸಿದ ದಾಖಲೆ ಕೂಡಲೇ ಹೋಗುತ್ತಿರಲಿಲ್ಲ — ಹೊಟ್ಟಿನ ಹಾಗೆ ಕಾಳಿನ ಜೊತೆಗೇ ಇರುತ್ತಿತ್ತು. ಅದನ್ನು ತೂರಿ, ಉಳಿದದ್ದನ್ನು ಹೊಸದಾಗಿ ಬರೆದಿಡುವುದು ಆ ಫಂಕ್ಷನ್‌ನ ಕೆಲಸ. ಆದರೆ ತೂರುವ ಹೊತ್ತಿನಲ್ಲಿ ಪಕ್ಕದ ಕಂಪ್ಯೂಟರಿನಲ್ಲಿ ಯಾರಾದರೂ ಅದೇ ಫೈಲನ್ನು ತೆರೆದಿದ್ದರೆ ಎಲ್ಲ ಕೆಟ್ಟುಹೋಗುತ್ತಿತ್ತು. ಅದಕ್ಕೆ ಅವನು ನನ್ನ ನಾಲ್ಕು ಸಾಲಿನ ಕೆಳಗೆ ಇನ್ನೂ ಮೂರು ಸಾಲು ಸೇರಿಸಿದ್ದ.

"ಇದೇನೋ ಬಾಲ?" ಎಂದೆ.

"ಇರ್ಲಿ ಬಿಡಕ್ಕ. ಮುಂದಿನ ತಿಂಗಳು ಕೋಡಿನಾಗೇ ಬಾಗಿಲು ಹಾಕ್ತೀನಿ. ಅಲ್ಲೀತನ ಈ ಮೂರು ಸಾಲೇ ಕಾವಲು. ಇದನ್ನ ಮಾತ್ರ ಮುಟ್ಟಬ್ಯಾಡ."

"ಪುಸ್ತಕದಾಗೆ ಪುಟಕ್ಕೆ ಹನ್ನೆರಡು ಟಿಪ್ಪಣಿ ಕೂಡಬೇಕು. ನಿಂದೊಂದು ಉದ್ದ ಆದ್ರ ಕೊನೀದು ಮುಂದಿನ ಪುಟಕ್ಕೆ ಹೋಗ್ತೈತೆ. ಕೊನೀಗಿರೋ ಪುಟಸೂಚಿ ಎಲ್ಲ ತಿದ್ದಬೇಕು."

"ಅಕ್ಕ, ನೀನು ರಂಗೋಲಿ ಚಂದ ಹಾಕ್ತಿ. ಆದ್ರ ರಂಗೋಲಿ ನೋಡಿ ಕಳ್ಳ ವಾಪಸ್ ಹೋಗ್ತಾನೇನು?"

ಎಲ್ಲರೂ ನಕ್ಕರು. ಸಿದ್ಧಣ್ಣನೂ ನಕ್ಕರು. ನಾನೂ ನಕ್ಕೆ — ಆದರೆ ಆ ಮಾತು ಒಳಗೆ ಹೋಗಿ ಕೂತಿತು. ನನ್ನ ಕೆಲಸವೆಲ್ಲ ಬರೀ ರಂಗೋಲಿಯೇ ಎಂದು ನನಗೇ ಆಗಾಗ ಅನ್ನಿಸುತ್ತಿತ್ತು. ಅವನು ಅದನ್ನು ಬಾಯಿಬಿಟ್ಟು ಹೇಳಿದ, ಅಷ್ಟೇ.

ಎರಡು ದಿನ ಬಿಟ್ಟು ಮಗಳ ತೊಟ್ಟಿಲ ಶಾಸ್ತ್ರಕ್ಕೆ ಅವನು ಗುತ್ತೂರಿಗೆ ಹೋದ. ಆಯುಧ ಪೂಜೆಗೆ ಮೂರು ದಿನವಿತ್ತು. ಮಧ್ಯಾಹ್ನ ಊಟ ಮುಗಿದು ಆಫೀಸಿನಲ್ಲಿ ನಾನೊಬ್ಬಳೇ. 'ತೂರು' ಇದ್ದ ಪುಟ ತೆರೆದೆ. ಆ ಮೂರು ಸಾಲು — ಓದಿದೆ ಎನ್ನಲಾರೆ, ಕಣ್ಣು ಅದರ ಮೇಲೆ ಹೋಯಿತು. ಎಚ್ಚರಿಕೆ ಎಂದು ಗೊತ್ತಿತ್ತು. ಯಾವುದರ ಎಚ್ಚರಿಕೆ, ಅದಿಲ್ಲದಿದ್ದರೆ ಏನಾಗುತ್ತದೆ — ನಿಂತು ಯೋಚಿಸಲಿಲ್ಲ. ಅಳಿಸಿದೆ. ಪುಟ ನೇರವಾಯಿತು. ಹನ್ನೆರಡಕ್ಕೆ ಹನ್ನೆರಡೂ ಕೂತವು.

ಪುಸ್ತಕದ ಕೊನೆಗೆ 'ಎಚ್ಚರಿಕೆಗಳು' ಎಂದು ಒಂದು ಹಾಳೆ ಸೇರಿಸಿದರಾಯಿತು ಎಂದುಕೊಂಡಿದ್ದೆ. ಸೇರಿಸಲಿಲ್ಲ. ಮರೆತೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಆ ಹಾಳೆ ಸೇರಿಸಿದರೆ ಅವನ ಮಾತೇ ಗೆದ್ದ ಹಾಗೆ — ಬೇಕೆಂದೇ ಬಿಟ್ಟೆ.

ಸೋಮವಾರ ನನ್ನ ಪ್ರತಿ ಎಲ್ಲರ ಕಂಪ್ಯೂಟರಿಗೂ ಇಳಿಯಿತು. ಹಾಲೇಶನ ಕಂಪ್ಯೂಟರಿಗೂ. ಅವನ ಬರಹದ ಮೇಲೆ ನನ್ನದು ಕೂತಿತು. ಮಗಳು ಹುಟ್ಟಿದ ಸಡಗರದಲ್ಲಿದ್ದವನು ಅದನ್ನು ಮತ್ತೆ ತೆರೆದು ನೋಡಲಿಲ್ಲ. ನೋಡುವ ಅಗತ್ಯವಾದರೂ ಏನಿತ್ತು — ಮುಟ್ಟಬೇಡ ಎಂದು ಹೇಳಿದ್ದನಲ್ಲ.

ಒಂದು ತಿಂಗಳೂ ಆಗಿರಲಿಲ್ಲ. ಹರಿಹರದ ಒಂದು ಶಾಲೆಯಲ್ಲಿ ನಮ್ಮ ಪ್ರೋಗ್ರಾಂ ಇತ್ತು. ಅಲ್ಲಿಯ ಗುಮಾಸ್ತರು ಗುರುಮೂರ್ತಯ್ಯನವರು, ನಿವೃತ್ತಿಯ ಹೊಸ್ತಿಲಲ್ಲಿದ್ದವರು. ಹಾಳೆ ಮುಟ್ಟಿದರೆ ಪುಡಿಯಾಗುವ ಹಳೇ ದಾಖಲಾತಿ ಪುಸ್ತಕಗಳನ್ನು ಮುಂದಿಟ್ಟುಕೊಂಡು ಏಳು ತಿಂಗಳು ಒಂದೊಂದೇ ಬೆರಳಲ್ಲಿ ಟೈಪ್ ಮಾಡಿದ್ದರು — ಯಾವ ಮಗು ಯಾವತ್ತು ಹುಟ್ಟಿತು, ಯಾವತ್ತು ಶಾಲೆಗೆ ಸೇರಿತು. ಇಸವಿಗೆ ಎರಡಂಕಿ ಇದ್ದದ್ದನ್ನು ನಾಲ್ಕಂಕಿ ಮಾಡುವ ಕೆಲಸಕ್ಕೆಂದು, ಹೊಸದಾಗಿ ಸೇರಿದ್ದ ರೇಖಾಳನ್ನು ಸಿದ್ಧಣ್ಣ ಅಲ್ಲಿಗೆ ಕಳಿಸಿದರು. ಕೈಯಲ್ಲಿ ನಮ್ಮ ಪುಸ್ತಕ. ಕೆಲಸದಲ್ಲಿ ಕೆಲವು ಹೆಸರು ಎರಡೆರಡು ಬಾರಿ ಬಂದವು. ಅವನ್ನು ಅಳಿಸಿ, ಪುಸ್ತಕದಲ್ಲಿ ಇದ್ದ ಹಾಗೇ 'ತೂರು' ಓಡಿಸಿದಳು. ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿ ಗುರುಮೂರ್ತಯ್ಯನವರು ಅದೇ ಫೈಲಿನಲ್ಲಿ ಯಾವುದೋ ಹುಡುಗನ ಜನ್ಮದಿನ ಹುಡುಕುತ್ತಿದ್ದರು. ಫೈಲು ಕೆಟ್ಟದ್ದು ಇಬ್ಬರಿಗೂ ತಿಳಿಯಲಿಲ್ಲ; ಸಂಜೆ ಗುರುಮೂರ್ತಯ್ಯನವರು ದಿನದ ರೂಢಿಯಂತೆ ಅದನ್ನೇ ಬ್ಯಾಕಪ್ ಫ್ಲಾಪಿಗಳ ಮೇಲೂ ಬರೆದರು. ಮರುದಿನ ತೆರೆದರೆ ಏನೂ ಉಳಿದಿರಲಿಲ್ಲ. ಗುರುಮೂರ್ತಯ್ಯನವರು ಹಳೇ ಪುಸ್ತಕದ ಮೊದಲ ಹಾಳೆ ತೆಗೆದು ಮತ್ತೆ ಶುರು ಮಾಡಿದರು ಎಂದು ರೇಖಾ ಅಳುತ್ತಾ ಹೇಳಿದಳು.

ಆ ಬೆಳಿಗ್ಗೆ ಸಿದ್ಧಣ್ಣ ಹಾಲೇಶನನ್ನು ನಿಲ್ಲಿಸಿ ಕೇಳಿದರು. "ಹಿಂಗಾಗ್ತೈತೆ ಅಂತ ನಿನಗ ಗೊತ್ತಿತ್ತಾ?"

"ಗೊತ್ತಿತ್ರಿ. ಅದಕ್ಕೇ ಮೂರು ಸಾಲು ಬರ್ದಿದ್ದೆ."

ಪುಸ್ತಕ ತೆರೆದರು. ಇಲ್ಲ. ಅವನ ಕಂಪ್ಯೂಟರ್ ತೆರೆದರು. ಅಲ್ಲಿಯೂ ಇಲ್ಲ.

"ಬರ್ದಿದ್ದು ಎಲ್ಲೋತಪ್ಪ? ಇಲಿ ತಿಂತೇನು?"

ಹಾಲೇಶನ ಮುಖದಲ್ಲಿ ಗಾಬರಿಗಿಂತ ಆಶ್ಚರ್ಯ ಹೆಚ್ಚಿತ್ತು. ನನ್ನ ಕಡೆ ತಿರುಗಿದ — ಸಂಶಯದಿಂದ ಅಲ್ಲ, ಭರವಸೆಯಿಂದ. "ಗಿರಿಜಕ್ಕನ್ನ ಕೇಳ್ರಿ. ನನ್ನ ಮಗಳು ಹುಟ್ಟಿದ ವಾರ ಯಾವುದು ಅಂತ ನನಗಿಂತ ಅವ್ರಿಗೆ ಚಲೋ ನೆನಪೈತೆ. ಅಕ್ಕ, ಬಾಲ ಅಂದಿದ್ಯಲ್ಲ ನೀನು, ಹೇಳು."

ಆಗ ಹೇಳಬಹುದಿತ್ತು. ಒಂದೇ ವಾಕ್ಯ. ಸಿದ್ಧಣ್ಣ ಬೈಯುತ್ತಿದ್ದರು, ನನ್ನ ಕೆಲಸ ಹೋಗುತ್ತಿತ್ತೋ ಏನೋ... ಆದರೆ ನಾನು ಹೆದರಿದ್ದು ಕೆಲಸಕ್ಕಲ್ಲ. ಅಚ್ಚುಕಟ್ಟಿನ ಹೆಂಗಸು ಎನ್ನುವ ಒಂದೇ ಹೆಸರು ನನಗಿತ್ತು.

"ನನಗೆ ನೆನಪಿಲ್ಲ," ಎಂದೆ.

ಅವತ್ತು ನಕ್ಕಿದ್ದವರು ಕೇಳಿಸಿಕೊಂಡದ್ದು ರಂಗೋಲಿಯ ತಮಾಷೆಯನ್ನಷ್ಟೇ; ಮೂರು ಸಾಲಿನ ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ. ಸಿದ್ಧಣ್ಣ ಪುಸ್ತಕ ಮುಚ್ಚಿ ಹೇಳಿದರು: "ತಪ್ಪು ಯಾರಿಗೂ ಆಗ್ತೈತೆ ಹಾಲೇಶ. ತಪ್ಪಿಗಲ್ಲ, ಸುಳ್ಳಿಗೆ ಕಳಸ್ತಿದೀನಿ." ಅವನು ಜಗಳ ಮಾಡಲಿಲ್ಲ. ಊಟದ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದ. ಆಗ ನಮ್ಮೂರಲ್ಲಿ ಕಂಪ್ಯೂಟರ್ ಕೆಲಸದವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಸುಳ್ಳ ಎಂಬ ಮಾತು ಅವನಿಗಿಂತ ಮುಂದೆ ಹೋಗಿ ಎಲ್ಲ ಬಾಗಿಲಲ್ಲೂ ನಿಂತಿತ್ತು. ಅವನು ಗುತ್ತೂರಿನ ಅದೇ ವರ್ಕ್‌ಶಾಪಿಗೆ, ಅದೇ ಲೇತಿಗೆ ಮರಳಿದ.

ಅವನು ಹೋದ ವಾರದಲ್ಲೇ ನನಗೆ ಮನೆಯಲ್ಲಿ ಒಂದು ಹಾಳೆ ಸಿಕ್ಕಿತು. ಆಫೀಸಿನಲ್ಲಿ ಕೆಟ್ಟ ಅಚ್ಚಾದ ಹಾಳೆಗಳನ್ನು ಮನೆಗೆ ತಂದು, ಬೆನ್ನಿನ ಕಡೆ ದಿನದ ವಿಷಯ ಬರೆಯುವ ರೂಢಿ ನನ್ನದು. ಈ ಹಾಳೆಯ ಬೆನ್ನಿಗೆ ನನ್ನ ಕೈಬರಹ: ಬೆಳಿಗ್ಗೆ ಹಾಲು ಒಡೆಯಿತು. ಅತ್ತೆಗೆ ಮೊಣಕಾಲು ನೋವು. ಹಾಲೇಶನ ಮಗಳಿಗೆ ಕುಲಾವಿ ಹೆಣೆಯಲು ಹಳದಿ ಉಲನ್ ತಂದೆ. ತಿರುಗಿಸಿದರೆ — ನಾನು ಅಳಿಸುವ ಮೊದಲು ಅಚ್ಚಾಗಿದ್ದ 'ತೂರು'. ಏಳು ಸಾಲೂ ಇದ್ದವು. ಸಿದ್ಧಣ್ಣನ ಮುಂದೆ ಇಟ್ಟಿದ್ದರೆ ಅಂದೇ ಅವನನ್ನು ವಾಪಸ್ ಕರೆಸುತ್ತಿದ್ದರು. ಇಡಲಿಲ್ಲ. ಸುಡಲೂ ಇಲ್ಲ. ಟ್ರಂಕಿನ ತಳಕ್ಕೆ ಹಾಕಿ ಮೇಲೆ ಸೀರೆ ಮಡಿಸಿಟ್ಟೆ. ಕುಲಾವಿಯನ್ನೂ ಕಳಿಸಲಿಲ್ಲ.

ನಾಲ್ಕೈದು ವರ್ಷದ ಮೇಲೆ ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ನಾನು ತಂಗಿಯ ಮನೆಗೆ ಬಂದಿದ್ದೆ. ಅವನೇ ನೋಡಿ ಬಂದು ಮಾತಾಡಿಸಿದ. "ಚಲೋ ಇದಿಯೇನಕ್ಕ? ಅತ್ತೆದು ಮೊಣಕಾಲು ಹೆಂಗೈತೆ?" ಕೈ ಹಿಡಿದು ನಿಂತ ಮಗಳು ಅವನನ್ನು ಜಗ್ಗುತ್ತಿದ್ದಳು. "ಅಪ್ಪ, ನೀನು ಬೀಗ ಹಾಕಿದ ಮ್ಯಾಲೆ ಮೂರು ಸಲ ಜಗ್ಗಿ ನೋಡ್ತಿ, ಅದಕ್ಕೇ ದಿನಾ ಬಸ್ ತಪ್ತೈತೆ."

ಅವನು ನಕ್ಕ. ಆಮೇಲೆ ನನಗೆ ಹೇಳಿದ, ತಾನೇ ಏನೋ ತಪ್ಪೊಪ್ಪಿಕೊಳ್ಳುವವನ ಹಾಗೆ: "ಹೌದಕ್ಕ, ನನ್ನ ಕೈಯಿಂದ ಆದದ್ದನ್ನ ನಾನೇ ನಂಬಲ್ಲ. ಆ ಮೂರು ಸಾಲು ಬರ್ದಿದ್ದೆ ಅಂತ ದಿನಾ ಅನ್ಕೊಂತಿದ್ದೆ. ಆಮ್ಯಾಲೆ, ನಿನಗೇ ನೆನಪಿಲ್ಲ ಅಂದ್ಮ್ಯಾಲೆ ನಾನು ಬರ್ದೇ ಇಲ್ಲೇನೋ ಅನ್ನಿಸ್ತು. ಬರೀಬೇಕು ಅನ್ಕೊಂಡು, ಬರ್ದೆ ಅಂತ ತಿಳ್ಕೊಂಡಿದ್ನೇನೋ. ಸಿದ್ಧಣ್ಣಂದೇನು ತಪ್ಪು..."

ಅವನ ಕೆಲಸ ಕಳೆದೆ ಎಂದಷ್ಟೇ ನಾನು ತಿಳಿದಿದ್ದೆ. ಅವನ ತಲೆಯೊಳಗಿದ್ದ ಗಟ್ಟಿ ನೆಲವನ್ನೇ ತೆಗೆದಿದ್ದೆ. ಆಗಲೂ — ಬಸ್ ಬಂತು ಎಂದೆ. ಆ ಬಸ್ಸು ನನ್ನೂರಿನದಲ್ಲ. ಆದರೂ ಹತ್ತಿದೆ, ಮುಂದಿನ ನಿಲ್ದಾಣದಲ್ಲಿ ಇಳಿದೆ.

ಹೋದ ವಾರ ಆ ಮಗಳ ಮದುವೆಯ ಕರೆಯೋಲೆ ಬಂದಿದೆ. ಲಕೋಟೆಯ ಮೇಲೆ ಅವನದೇ ಅಂಕುಡೊಂಕು ಅಕ್ಷರ: ಅಕ್ಕ, ತಪ್ಪಿಸಬ್ಯಾಡ. ಆ ಮನೆಯ ಊಟದ ಎಲೆಯ ಮುಂದೆ ಕೂಡುವ ಮೊದಲು ನಾನು ಒಂದು ಸಲ ಗುತ್ತೂರಿಗೆ ಹೋಗಬೇಕು. ಸಿದ್ಧಣ್ಣನಿಗೂ ರೇಖಾಳಿಗೂ ಬೇರೆ ಬೇರೆ ಕಾಗದ ಬರೆದು ಅಂಚೆಗೆ ಹಾಕಿದ್ದೇನೆ. ಗುರುಮೂರ್ತಯ್ಯನವರು ಈಗಿಲ್ಲ, ಅವರಿಗೆ ಹೇಳುವ ದಾರಿ ಉಳಿದಿಲ್ಲ. ಟ್ರಂಕಿನಿಂದ ಹಾಳೆ ತೆಗೆದಿದ್ದೇನೆ. ಮಸಿ ಮಾಸಿದೆ, ಓದಲು ಬರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಅವನು ಬರೆದ ಕನ್ನಡ ಅದು. ಸಾಲು ನೇರ ಮಾಡದೆ, ಒಂದು ಮಾತೂ ತಿದ್ದದೆ ಇಲ್ಲಿ ಕನ್ನಡ ಅಕ್ಷರಕ್ಕೆ ಇಳಿಸುತ್ತೇನೆ:

ಇದನ್ನ ಓಡಿಸೋ ಮುಂಚೆ ಬೇರೆ ಮಷಿನ್‌ನಾಗೆ ಯಾರೂ ಫೈಲ್ ತೆರೆದಿಲ್ಲ ಅಂತ ಎದ್ದು ಹೋಗಿ ಕಣ್ಣಾರೆ ನೋಡ್ರಿ.
ತೆರೆದಿದ್ರೆ ಹೊಟ್ಟಿನ ಜತಿಗೆ ಕಾಳೂ ಹೋಗ್ತೈತೆ.
ಬೇರೆ ಫ್ಲಾಪಿಗೆ ಬ್ಯಾಕಪ್ ತಗೊಂಡೇ ಮುಟ್ರಿ — ಹಾಲೇಶ.

ನಾಳೆ ಬೆಳಿಗ್ಗೆಯ ಬಸ್ಸು. ಕ್ಷಮೆ ಕೇಳುವ ಮಾತು ಏನೇನೋ ಜೋಡಿಸಿಕೊಂಡಿದ್ದೆ, ಎಲ್ಲ ಬಿಟ್ಟೆ. ಹಾಳೆಯನ್ನು ಅವನ ಕೈಗೆ ಕೊಟ್ಟು ಹೇಳಬೇಕಾದ್ದು ಇಷ್ಟೇ — ನೀನು ಬರ್ದಿದ್ದೆ, ಹಾಲೇಶ. ತೆಗ್ದಿದ್ದು ನಾನು. ನನಗೆ ಅವತ್ತೂ ನೆನಪಿತ್ತು.