ಹುಲ್ಲು ತುರುಕಿದ ಗಂಟೆ

ರೊಮೆಡ್‌ನನ್ನು ಮಣ್ಣು ಮಾಡಿದ ದಿನ ನಮ್ಮ ಪಾದ್ರಿಗಳು ಅವನನ್ನು ಮಾತು ಕಡಿಮೆಯ ಮನುಷ್ಯ ಎಂದು ಹೊಗಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಈ ಪಾದ್ರಿ ನಮ್ಮ ಕಣಿವೆಗೆ ಬಂದದ್ದೇ ಮೊನ್ನೆ ಮೊನ್ನೆ, ಅವರಿಗೇನು ಗೊತ್ತು? ಹರೆಯದಲ್ಲಿ ರೊಮೆಡ್ ಬಾಯಿ ಮುಚ್ಚಿದ್ದನ್ನು ಕಂಡವರೇ ಇಲ್ಲ. ದನಗಳ ಜೊತೆ ಮಾತು, ಬೆಟ್ಟ ಹತ್ತಿ ಬಂದವರ ಜೊತೆ ಮಾತು, ಯಾರೂ ಸಿಗದಿದ್ದರೆ ಹಾಲಿನ ಬಕೆಟ್ಟಿನ ಜೊತೆ ಮಾತು. ಅವನ ಮಾತು ನಿಂತದ್ದು ಒಂದೇ ದಿನದಲ್ಲಿ. ಆ ದಿನ ನಾನು ಅಲ್ಲೇ ಇದ್ದೆ. ಅದನ್ನು ಬಿಟ್ಟು ಅವನ ಬಾಳಿನ ಬಗ್ಗೆ ಯಾರು ಏನು ಹೇಳಿದರೂ ನಾನು ಒಪ್ಪುವವಳಲ್ಲ.

ನನ್ನ ಹೆಸರು ಸೆಂಜಿ. ಕಾಲು ಸೋಲುವವರೆಗೂ ಬೆಟ್ಟದ ಮೇಲಿನ ತಂಗುಮನೆ ನಡೆಸಿದವಳು. ಚಾರಣಕ್ಕೆ ಬಂದವರಿಗೆ ಬಾರ್ಲಿ ಸೂಪು, ಹಂದಿಮಾಂಸದ ಉಂಡೆ, ಮಲಗಲು ಹುಲ್ಲಿನ ಹಾಸಿಗೆ, ಜೊತೆಗೆ ಬೇಕಾದಷ್ಟು ಬೈಗುಳ. ಪಟ್ಟಣದ ಬೂಟು ಹಾಕಿಕೊಂಡು ಬಂದು ಜಾರಿ ಬೀಳುವವರಿಗೆ ಬೈಯದೆ ಇನ್ನೇನು ಮಾಡಲಿ? ಮೇಲೆ ಹತ್ತಿದ ಮೇಲೆ ನಮ್ಮಲ್ಲಿ ಸಾಹೇಬನೂ ಇಲ್ಲ, ಆಳೂ ಇಲ್ಲ. ಎಲ್ಲರೂ ಎಲ್ಲರನ್ನೂ ನೀನು ಎಂದೇ ಕರೆಯುವುದು. ನನ್ನ ಮನೆಯ ಕೆಳಗಿನ ಗೋಮಾಳದಲ್ಲಿ ರೊಮೆಡ್ ಇಡೀ ಊರಿನ ದನ ಮೇಯಿಸುತ್ತಿದ್ದ. ಹಿಮ ಕರಗಿದ ಮೇಲೆ ಹತ್ತಿಸುವುದು, ಮತ್ತೆ ಹಿಮ ಬೀಳುವ ಮೊದಲು ಇಳಿಸುವುದು.

ಆ ಎತ್ತರದಲ್ಲಿ ನಮಗೆ ಹಿಮಕ್ಕಿಂತ ಮಂಜಿನ ಭಯವೇ ಹೆಚ್ಚು. ಬಿಸಿಲಿದ್ದ ಹಾಗೇ ಕೆಳಗಿನ ಕಣಿವೆಯಿಂದ ಎದ್ದು ಬರುತ್ತದೆ, ನೋಡನೋಡುತ್ತ ನಮ್ಮ ಕೈ ನಮಗೇ ಕಾಣುವುದಿಲ್ಲ. ಆಗ ನಾನು ಮನೆಯ ಮುಂದಿನ ಗಂಟೆ ಹೊಡೆಯಬೇಕು. ದಾರಿಯಲ್ಲಿದ್ದವರು ಆ ಸದ್ದು ಹಿಡಿದು ಬರಬೇಕು. ರೊಮೆಡ್ ದನದಿಂದ ದನಕ್ಕೆ ಓಡಿ, ಒಂದೊಂದರ ಕೊರಳಗಂಟೆಯೊಳಗೂ ಹುಲ್ಲು ತುರುಕಬೇಕು. ಬೆಟ್ಟದ ಮೇಲೆ ಸದ್ದು ಮಾಡುವ ಗಂಟೆ ನನ್ನದೊಂದೇ ಆಗಿರಬೇಕು. ಅವನ ಅಪ್ಪನೂ ಹಾಗೇ ಮಾಡುತ್ತಿದ್ದ, ನನ್ನ ಅತ್ತೆಯೂ ಹಾಗೇ ಹೊಡೆಯುತ್ತಿದ್ದಳು. ದನಗಳ ಸದ್ದು ಸತ್ತಿತೆಂದರೆ ಮಂಜು ಬಂತು ಎಂದು ಕುರುಡರಿಗೂ ತಿಳಿಯುತ್ತಿತ್ತು.

ಹೆಡ್ವಿಗ್ ದೂರದ ಲಿಂಟ್ಸ್ ಪಟ್ಟಣದ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ. ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ಒಂದು ಸೆಪ್ಟೆಂಬರಿನಲ್ಲಿ ಒಬ್ಬಳೇ ಬಂದಳು, ಆಮೇಲೆ ಪ್ರತಿ ಸೆಪ್ಟೆಂಬರಿಗೂ ಬಂದಳು. ಬೆನ್ನ ಮೇಲೆ ಅವಳಣ್ಣನ ಸೈನಿಕ ಚೀಲ. ಯುದ್ಧಕ್ಕೆ ಹೋದ ಅಣ್ಣ ತಿರುಗಿ ಬಂದಿರಲಿಲ್ಲ. ಅವಳ ನಡಿಗೆ ನನಗೆ ಹಿಡಿಸಿತ್ತು. ಅವಸರವಿಲ್ಲ, ಏದುಸಿರಿಲ್ಲ, ಮೇಲೆ ಬಂದು ಶಿಖರ ಮುಟ್ಟಿದೆನೆಂದು ಜಂಬ ಕೊಚ್ಚುವುದಿಲ್ಲ.

ರೊಮೆಡ್ ಮೊದಲ ದಿನವೇ ಅವಳನ್ನು ಕೆಣಕಿದ.

"ಚಪ್ಪಲಿ ಅಂಗಡಿಯವಳು ಅಂತೀಯ, ನಿನ್ನ ಬೂಟೇ ಬಾಯಿ ಬಿಟ್ಕೊಂಡಿದೆಯಲ್ಲೇ!"

"ಅದಕ್ಕೂ ನಿನ್ನ ಹಾಗೆ ಮಾತಾಡೋ ಚಟ," ಅಂದಳು ಅವಳು.

ಅವನು ಅಂದೇ ಅವಳಿಗೆ ಮರುಳಾದ. ಬೂಟಿಗೆ ತಾನೇ ಹೊಲಿಗೆ ಹಾಕಿಕೊಟ್ಟ. ಅವಳು ಬರುವ ವಾರ ಸಮೀಪಿಸಿದರೆ ಗಡ್ಡ ಬೋಳಿಸಿಕೊಳ್ಳುತ್ತಿದ್ದ, ದಿನಕ್ಕೆ ಹತ್ತು ಸಲ ನನ್ನ ಅಡುಗೆಮನೆಗೆ ಬಂದು ಬೇಡದ ಉಪ್ಪು ಕೇಳುತ್ತಿದ್ದ. "ನಿಂಗೆ ಉಪ್ಪು ಬೇಕಾ, ದಾರಿ ನೋಡೋಕೆ ಕಿಟಕಿ ಬೇಕಾ?" ಎಂದು ನಾನು ಛೇಡಿಸಿದರೆ ಕಿವಿವರೆಗೂ ಕೆಂಪಾಗುತ್ತಿದ್ದ. ಬಾಯಿ ತುಂಬ ಮಾತಾಡುವವನಿಗೆ ಆ ಒಂದು ಮಾತು ಮಾತ್ರ ಬಾಯಿಗೆ ಬರಲೇ ಇಲ್ಲ. ಮುಂದಿನ ವರ್ಷ ಕೇಳ್ತೀನಿ ಕಣೇ ಸೆಂಜಿ, ಮುಂದಿನ ವರ್ಷ, ಎನ್ನುತ್ತಲೇ ಇದ್ದ.

ಹೆಡ್ವಿಗ್‌ಗೆ ಒಂದು ಆಸೆಯಿತ್ತು. ದನ ಇಳಿಸುವ ಹಬ್ಬ ನೋಡಬೇಕು. ಬೇಸಿಗೆಯೆಲ್ಲ ಮನುಷ್ಯರಿಗೂ ದನಕ್ಕೂ ಕೇಡಾಗದಿದ್ದರೆ, ಕೋಡಿಗೆ ಹೂ ಕಟ್ಟಿ, ಮಂದೆಯ ಮುಂದೆ ನಡೆಯುವ ಮುಂದಾಳು ಹಸುವಿನ ಕೊರಳಿಗೆ ಊರಿನ ದೊಡ್ಡ ರೈತ ಎಂಗೆಲ್‌ಬರ್ಟ್ ಯಜಮಾನರ ಮನೆಯ ದೊಡ್ಡ ಗಂಟೆ ಹಾಕಿ ಊರಿಗೆ ಇಳಿಸುತ್ತೇವೆ. ಮೇಲೆ ಯಾರಾದರೂ ಸತ್ತಿದ್ದರೆ, ಹಸುವೇ ಸತ್ತಿರಲಿ, ಹೂವಿಲ್ಲ. ಬೋಳು ತಲೆಯಲ್ಲೇ ಇಳಿಯಬೇಕು. ಆದರೆ ಅವಳ ರಜೆ ಯಾವಾಗಲೂ ಹಬ್ಬಕ್ಕೆ ಮೊದಲೇ ಮುಗಿಯುತ್ತಿತ್ತು.

"ಹೂವು ಹೋಗ್ಲಿ, ಆ ಗಂಟೆಯಾದ್ರೂ ಒಂದ್ಸಲ ಕೇಳ್ಬೇಕಿತ್ತು," ಅಂದಳು ಆ ಕೊನೆಯ ವರ್ಷ, ನಾಳಿದ್ದು ಊರಿಗೆ ಹೊರಡಬೇಕು ಎನ್ನುವಾಗ.

"ಅಷ್ಟೇ ತಾನೆ?" ಅಂದ ರೊಮೆಡ್.

ಹಬ್ಬಕ್ಕೆಂದು ಗಂಟೆ ಆಗಲೇ ಮೇಲಕ್ಕೆ ಬಂದು ಅವನ ಗುಡಿಸಲಿನಲ್ಲಿತ್ತು. ಮಾರನೆಯ ಬೆಳಿಗ್ಗೆ ಅವಳು ಶಿಲುಬೆಯ ಶಿಖರಕ್ಕೆ ಹೋಗಿ ಬರುವೆನೆಂದು ಹೊರಟಳು. ಅವಳು ಹಿಂದಿರುಗುವಾಗ ಕೇಳಲಿ ಎಂದು ಇವನು ಹಬ್ಬಕ್ಕೆ ಮೊದಲೇ ಆ ಗಂಟೆಯನ್ನು ಮುಂದಾಳು ಹಸುವಿನ ಕೊರಳಿಗೆ ಕಟ್ಟಿದ. ನನಗೊಬ್ಬಳಿಗೆ ಹೇಳಿದ, ಮಗುವಿನ ಹಾಗೆ ನಗುತ್ತ. ಇವತ್ತೇ ಅವಳನ್ನ ಕೇಳಿಬಿಡ್ತೀನಿ ಕಣೇ, ಅಂದ.

ಊರಿನ ಉಳಿದ ಗಂಟೆಗಳೆಲ್ಲ ತಗಡು ಬಡಿದು ಮಾಡಿದವು, ಗಳಗಳ ಎನ್ನುತ್ತಿದ್ದವು. ಈ ದೊಡ್ಡದು ಕಂಚಿನದು. ಇದನ್ನೂ ನನ್ನ ತಂಗುಮನೆಯ ಗಂಟೆಯನ್ನೂ ಎರಕ ಹೊಯ್ದವನು ಒಬ್ಬನೇ. ಎರಡರ ದನಿಯೂ ಒಂದೇ. ನಮಗೆಲ್ಲ ಅದು ಗೊತ್ತಿದ್ದ ವಿಷಯವೇ. ಆ ಬೆಳಿಗ್ಗೆ ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಂಜು ಎದ್ದಿತು. ನಾನು ಹಿಟ್ಟಿನ ಕೈಯಲ್ಲೇ ಓಡಿಬಂದು ಗಂಟೆ ಹಿಡಿದೆ. ಕೆಳಗೆ ದನಗಳ ಸದ್ದು ಒಂದೊಂದಾಗಿ ಸಾಯುತ್ತ ಬಂತು. ಒಂದು ಮಾತ್ರ ಉಳಿಯಿತು. ಮುಂದಾಳು ಹಸು ಹುಲ್ಲಿನಾಸೆಗೆ ಕೊರಕಲಿನ ಆಚೆ ದಿಣ್ಣೆಗೆ ಹೋಗಿಬಿಟ್ಟಿತ್ತು. ಅಲ್ಲಿಂದ ನನ್ನದೇ ಗಂಟೆಯ ದನಿ ನನಗೇ ಕೇಳುತ್ತಿತ್ತು! ನಿಲ್ಲಿಸಿದರೆ ಅದೊಂದೇ ಕೇಳುತ್ತದೆ, ಹೊಡೆದರೆ ಎರಡೂ ಒಂದೇ. ದೇವರೇ, ಬೇಗ ಹುಲ್ಲು ತುರುಕಲಿ ಎಂದು ಬೇಡಿಕೊಳ್ಳುತ್ತ ಜೋರಾಗಿ ಹೊಡೆದೆ. ರೊಮೆಡ್ ಕಣ್ಣು ಕಾಣದೆ ಆ ಸದ್ದಿನ ಬೆನ್ನು ಹತ್ತಿ ಹೋಗುತ್ತಿದ್ದ. ಬೆಟ್ಟದ ಇನ್ನೊಂದು ಮಗ್ಗುಲಿನಿಂದ ಅವಳೂ ಅದೇ ಸದ್ದಿನ ಕಡೆ ನಡೆಯುತ್ತಿದ್ದಳು. ಅವನು ಹಸುವನ್ನು ಮುಟ್ಟಿದ, ಹುಲ್ಲು ತುರುಕಿದ, ಬೆಟ್ಟದ ಮೇಲೆ ನನ್ನ ಗಂಟೆಯೊಂದೇ ಉಳಿಯಿತು. ಆಮೇಲೆ ಅವನು ಅವಳ ಹೆಸರು ಹಿಡಿದು ಕೂಗಿದ್ದು ನನಗೆ ಕೇಳಿಸಿತು. ಕೂಗಿದ, ಕೂಗಿದ. ಕತ್ತಲಾಗುವವರೆಗೂ ಕೂಗಿದ.

ಮಾರನೆಯ ದಿನ ತಿಳಿಬಿಸಿಲು. ಒದ್ದೆ ಮಣ್ಣಿನಲ್ಲಿ ಅವಳ ಹೆಜ್ಜೆ ದಾರಿ ಬಿಟ್ಟು, ಹಸು ನಿಂತಿದ್ದ ಕಡೆಗೆ ನೆಟ್ಟಗೆ ಹೋಗಿತ್ತು. ನಡುವೆ ಕೊರಕಲು. ಅವಳನ್ನು ಮೇಲೆ ಎತ್ತಿ ತಂದವನು ರೊಮೆಡ್ಡೇ. ಅವನು ಹೊಲಿದ ಬೂಟು ಕಾಲಲ್ಲೇ ಇತ್ತು, ಹೊಲಿಗೆ ಬಿಟ್ಟಿರಲಿಲ್ಲ.

"ನಾನು ಅವಳಿಗೋಸ್ಕರ ಗಂಟೆ ಕಟ್ಟಿದ್ದು ಯಾರಿಗೂ ಹೇಳ್ಬೇಡ," ಅಂದ ನನಗೆ. "ಊರವರ ಬಾಯಿಗೆ ಅವಳ ಹೆಸರು ಬೀಳೋದು ಬೇಡ." ಅದೇ ಅವನು ಆಡಿದ ಕೊನೆಯ ಉದ್ದದ ಮಾತು.

ಹಬ್ಬದ ದಿನ ಊರಿನ ಹೆಂಗಸರು ಹೂ ಹೊತ್ತು ಬಂದರು. ರೊಮೆಡ್ ದೊಡ್ಡಿಯ ಬಾಗಿಲಿಗೆ ಅಡ್ಡ ನಿಂತ.

"ಸಾವಾಗಿದೆ. ಹೂ ಬೇಡ."

ಎಂಗೆಲ್‌ಬರ್ಟ್ ಯಜಮಾನರಿಗೆ ಆಗ ಎದೆ ತುಂಬ ಸೊಕ್ಕು. "ಯಾರೋ ನಮ್ಮವರು ಸತ್ತಿದ್ರೆ ಸರಿ. ಲಿಂಟ್ಸ್‌ನಿಂದ ಗುಡ್ಡ ಸುತ್ತೋಕೆ ಬಂದವಳಿಗೋಸ್ಕರ ನನ್ನ ದನ ಬೋಳು ತಲೇಲಿ ಇಳೀಬೇಕಾ? ನೀನು ನೆಟ್ಟಗೆ ಕಾವಲು ಮಾಡಿದ್ರೆ ಅವಳು ಯಾಕೆ ಸಾಯ್ತಿದ್ಲು? ನನ್ನ ಗಂಟೇನ ಯಾರನ್ನ ಕೇಳಿ ಕಟ್ದೆ?"

"ಅವಳು ನಮ್ಮವಳು," ಅಂದ ರೊಮೆಡ್.

ಎಲ್ಲರೂ ನಕ್ಕರು. ಹೂ ಕಟ್ಟಿದರು, ಗಂಟೆ ಕಟ್ಟಿದರು, ದನ ಇಳಿಸಿದರು. ರೊಮೆಡ್ ಕೋಲನ್ನು ದೊಡ್ಡಿಯ ಗೋಡೆಗೆ ಒರಗಿಸಿಟ್ಟು ಬೇರೆ ದಾರಿಯಲ್ಲಿ ಹೋದ. ಮತ್ತೆ ಅವನಿಗೆ ಯಾರೂ ದನ ಕೊಡಲಿಲ್ಲ, ಅವನು ಕೇಳಲೂ ಇಲ್ಲ.

ಆಮೇಲೆ ಬಾಳೆಲ್ಲ ಬಣ್ಣದ ಡಬ್ಬಿ ಹಿಡಿದು ಬೆಟ್ಟದ ದಾರಿಯ ಬಂಡೆಗಳಿಗೆ ಕೆಂಪು ಬಿಳಿ ಗುರುತು ಬಳಿದ. ಮುರಿದ ಸೇತುವೆಗೆ ಹಲಗೆ ಹೊಡೆದ. ಮಂಜು ಎದ್ದರೆ ಹಗ್ಗ ಹೆಗಲಿಗೆ ಹಾಕಿ ಹೊರಡುವನು. ಯಾರನ್ನಾದರೂ ಕೈ ಹಿಡಿದು ನನ್ನ ಬಾಗಿಲಿಗೆ ಮುಟ್ಟಿಸುವನು, ಅವರು ಧನ್ಯವಾದ ಹೇಳುವಷ್ಟರಲ್ಲಿ ಮತ್ತೆ ಹೊರಟುಹೋಗುವನು. ಅವರನ್ನೆಲ್ಲ ತಂದ, ಅವಳೊಬ್ಬಳನ್ನು ತರಲಾಗಲಿಲ್ಲ. ನಾನೂ ಅಂದಿನಿಂದ ಗಂಟೆ ಹೊಡೆಯುವ ರೀತಿ ಬದಲಿಸಿದೆ: ಮೂರು ಏಟು, ಒಂದು ಬಿಡುವು, ಮತ್ತೆ ಮೂರು ಏಟು. ಹಸು ಹಾಗೆ ಹೊಡೆಯಲಾರದು. ಹಬ್ಬದ ದಿನ ಬಂದರೆ ರೊಮೆಡ್ ಊರಲ್ಲಿರುತ್ತಿರಲಿಲ್ಲ. ಆ ಗಂಟೆ ಕೇಳದಷ್ಟು ದೂರ ಬೆಟ್ಟದ ಆಚೆ ಮಗ್ಗುಲಿಗೆ ನಡೆದುಬಿಡುತ್ತಿದ್ದ.

ಹೀಗೇ ಮುದುಕನಾದ. ಈ ವರ್ಷ ಎದೆ ಕಟ್ಟಿ ಹಾಸಿಗೆ ಹಿಡಿದ. ಅವನ ಕೋಣೆ ಊರಬೀದಿಗೆ ಅಂಟಿಕೊಂಡೇ ಇದೆ. ದನ ಇಳಿಯುವುದು ಅದೇ ಬೀದಿಯಲ್ಲಿ. ಹಬ್ಬ ಹತ್ತಿರ ಬಂದ ಹಾಗೆ ಅವನು ಗೋಡೆಯ ಕಡೆ ತಿರುಗಿ ಮಲಗತೊಡಗಿದ. ಓಡಿಹೋಗಲು ಕಾಲಿಲ್ಲದವನ ಕಿವಿಯ ಪಕ್ಕದಲ್ಲೇ ಆ ಗಂಟೆ ಹಾದುಹೋಗಬೇಕು. ನನಗೆ ತಡೆಯಲಾಗಲಿಲ್ಲ. ಕೋಲೂರಿಕೊಂಡು ಎಂಗೆಲ್‌ಬರ್ಟ್ ಯಜಮಾನರ ಮನೆಗೆ ಹೋದೆ. ಅವರೂ ಈಗ ಹಣ್ಣು ಮುದುಕ.

"ಈ ಸಲ ದೊಡ್ಡ ಗಂಟೆ ಕಟ್ಬೇಡಿ, ಯಜಮಾನ್ರೇ. ರೊಮೆಡ್ ಹೋಗೋ ಹಾಗಿದಾನೆ."

"ಬಸ್ಸುಗಟ್ಟಲೆ ಜನ ಬರ್ತಾರೆ, ಬ್ಯಾಂಡ್ ಬರತ್ತೆ. ಗಂಟೆ ಇಲ್ದೆ ಇಳಿಸಿದ್ರೆ ಮುಖಕ್ಕೆ ಉಗೀತಾರೆ. ನಮ್ಮಜ್ಜನ ಗಂಟೆ ಅದು. ಅದೇನು ಪಾಪ ಮಾಡ್ತು?"

"ಗಂಟೆ ಮಾಡ್ಲಿಲ್ಲ, ನೀವೂ ಮಾಡ್ಲಿಲ್ಲ. ಎಲ್ಲಾನೂ ಅವನೊಬ್ನೇ ಹೊತ್ಕೊಂಡ. ಅವತ್ತು ಯಾರನ್ನ ಕೇಳಿ ಕಟ್ದೆ ಅಂದ್ರಲ್ಲ, ಯಾಕೆ ಕಟ್ದ ಅಂತ ಈಗ ಹೇಳ್ತೀನಿ ಕೇಳಿ. ಆ ಹುಡುಗಿ ಒಂದ್ಸಲ ಆ ಸದ್ದು ಕೇಳ್ಬೇಕು ಅಂದ್ಲು. ಅವಳಿಗೋಸ್ಕರ ಕಟ್ದ. ಅವಳನ್ನ ಮದುವೆ ಆಗ್ತೀಯಾ ಅಂತ ಕೇಳೋನಿದ್ದ, ಅವತ್ತೇ."

ಮಾತು ಮುರಿದೆ, ಹೌದು. ಸಾಯುವವನು ನನ್ನನ್ನು ಕ್ಷಮಿಸದಿದ್ದರೆ ಬೇಡ. ಯಜಮಾನರು ಆಗುತ್ತದೆ ಅನ್ನಲಿಲ್ಲ, ಆಗುವುದಿಲ್ಲ ಅನ್ನಲಿಲ್ಲ. ಪೈಪಿನ ಬೂದಿಯನ್ನು ಮೇಜಿಗೆ ಕುಟ್ಟಿ ಉದುರಿಸಿ ಒಳಗೆ ಎದ್ದುಹೋದರು. ಕಲ್ಲು ಮುದುಕ ಎಂದು ಬೈದುಕೊಳ್ಳುತ್ತ ವಾಪಸು ಬಂದೆ.

ಹಬ್ಬದ ದಿನ ಕಿಟಕಿ ಭದ್ರವಾಗಿ ಮುಚ್ಚಿ, ಮೇಲೊಂದು ಕಂಬಳಿ ಇಳಿಬಿಟ್ಟು ಅವನ ಪಕ್ಕ ಕುಳಿತೆ. ಅವನ ಕೈ ನನ್ನ ಕೈಯಲ್ಲಿ. ಹೊರಗೆ ಜನರ ಗಲಾಟೆ, ಮಕ್ಕಳ ಕೇಕೆ. ಆಮೇಲೆ ಆ ಗಲಾಟೆ ತಾನೇ ತಾನಾಗಿ ನಿಂತಿತು. ಗೊರಸಿನ ಸದ್ದು ಬಂತು. ಗೊರಸಿನ ಸದ್ದು ಮಾತ್ರ. ಕಂಬಳಿ ಸರಿಸಿ ನೋಡಿದೆ. ಕೋಡಿಗೆ ಒಂದು ಹೂವಿಲ್ಲ. ದೊಡ್ಡ ಗಂಟೆಯೂ ಇತ್ತು, ತಗಡಿನವೂ ಇದ್ದವು. ಒಂದೊಂದರ ಬಾಯಿಂದಲೂ ಹುಲ್ಲು ಹೊರಗೆ ಇಣುಕುತ್ತಿತ್ತು. ಎಂಗೆಲ್‌ಬರ್ಟ್ ಯಜಮಾನರು ಟೋಪಿ ಕೈಯಲ್ಲಿ ಹಿಡಿದು ಎಲ್ಲಕ್ಕಿಂತ ಮುಂದೆ ನಡೆಯುತ್ತಿದ್ದರು.

ರೊಮೆಡ್ ಕಣ್ಣು ಬಿಟ್ಟ. ಗೊರಸಿನ ಸದ್ದನ್ನೇ ಕೇಳುತ್ತ ಹುಬ್ಬು ಗಂಟಿಕ್ಕಿದ.

"ದನ ಹೋಗ್ತಿವೆ, ಗಂಟೆ ಇಲ್ಲ. ಹುಲ್ಲು ತುರುಕಿದಾರೆ. ಮಂಜು ಬಂತೇನೇ, ಸೆಂಜಿ?"

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಏನು ಹೇಳಲಿ?

"ಹೂಂ ಕಣೋ. ಬಂತು."

"ಮತ್ತೆ ಇಲ್ಲೇನು ಕೂತಿದೀಯ? ಹೋಗೇ, ಗಂಟೆ ಹೊಡಿ. ಹೆಡ್ವಿಗ್ ಇನ್ನೂ ದಾರೀಲಿದಾಳೆ."

ಅಷ್ಟೂ ವರ್ಷಗಳಲ್ಲಿ ಅವಳ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಗೋಡೆಯ ಮೇಲಿನ ತಾಮ್ರದ ಬಾಣಲೆ ಇಳಿಸಿಕೊಂಡೆ, ಸೌಟು ತೆಗೆದುಕೊಂಡು ಹೊಡೆದೆ. ಮೂರು ಏಟು, ಬಿಡುವು. ಮೂರು ಏಟು, ಬಿಡುವು. ಅವನ ಹುಬ್ಬು ಸಡಿಲವಾಯಿತು.

"ಹಾಂ, ಹಾಗೆ. ನಿಲ್ಲಿಸ್ಬೇಡ," ಅಂದ.

ನಿಲ್ಲಿಸಲಿಲ್ಲ. ಅವನು ಕೇಳುತ್ತಿದ್ದಷ್ಟು ಹೊತ್ತೂ ಹೊಡೆದೆ. ಆಮೇಲೂ ಒಂದಷ್ಟು ಹೊತ್ತು ಹೊಡೆದೆ.